ದೇವಕಿಯಮ್ಮನ ಮೇಲಿನ ಮನೆ

ಪುತ್ತೂರಿನ ದರ್ಬೆಯಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ದೇವಕಿಯಮ್ಮನ ಗತ್ತೇ ಬೇರೆ ಇತ್ತು. ಮೇಲಿನ ಮನೆ ಕೇಳಿಕೊಂಡು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಊರು, ಕೆಲಸ, ಕೊನೆಗೆ ಸೋದರಮಾವ ಯಾರೆಂಬುದನ್ನೂ ವಿಚಾರಿಸಿ, ಆಮೇಲೆ ಷರತ್ತು ಹೇಳುತ್ತಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು. ರಸ್ತೆಗೆ ಕಾಣುವಂತೆ ಬಟ್ಟೆ ಒಣಗಿಸಬಾರದು. ನೆಂಟರು ಬಂದರೆ ಊಟ ಮಾಡಿ ಹೋಗಬಹುದು, ಮಲಗಬಾರದು. ಗಂಡ ಕೃಷ್ಣಮೋಹನರು ಪೇಪರಿನ ಮರೆಯಲ್ಲಿ ಕುಳಿತು ಬಂದವರ ಮೇಲೆ ಕನಿಕರಪಡುತ್ತಿದ್ದರು.

ಈಚೆಗೆ ಆಸುಪಾಸಿನಲ್ಲೆಲ್ಲ ಫ್ಲಾಟುಗಳು ಎದ್ದವು. ಕೊಂಡವರಲ್ಲಿ ಅರ್ಧಕ್ಕರ್ಧ ಜನ ಬಾಡಿಗೆಗೆ ಕೊಡಲೆಂದೇ ಕೊಂಡವರು. ಮೇಲಿನ ಮನೆಯಲ್ಲಿದ್ದ ಐವರ್ನಾಡಿನ ಟೀಚರ್ ಕುಮುದಿನಿಯೂ ಲಿಫ್ಟ್ ಇರುವಲ್ಲಿಗೆ ಹೊರಟುಹೋದಳು.

"ಹೋಗಲಿ, ಇವಳಲ್ಲದಿದ್ರೆ ಇನ್ನೊಬ್ಬಳು," ಎಂದರು ದೇವಕಿಯಮ್ಮ.

ದೀಪಾವಳಿಯ ಹೊತ್ತಿಗೆ ಗೇಟಿಗೆ ಕಟ್ಟಿದ 'ಮನೆ ಬಾಡಿಗೆಗಿದೆ' ಬೋರ್ಡು ಬಿಸಿಲಿಗೆ ಬಣ್ಣಗೆಟ್ಟಿತೇ ಹೊರತು ಇನ್ನೊಬ್ಬಳು ಬರಲಿಲ್ಲ. ಫೋನ್ ಮಾಡಿದವರೆಲ್ಲ ಇವರನ್ನೇ ವಿಚಾರಿಸುತ್ತಿದ್ದರು. ಲಿಫ್ಟ್ ಉಂಟಾ? ಕಾರಿಗೆ ಶೆಡ್ ಉಂಟಾ? ಒಬ್ಬ ಜಿಮ್ ಉಂಟಾ ಎಂದೂ ಕೇಳಿದ. "ಮೆಟ್ಟಿಲು ಉಂಟು, ಎಷ್ಟು ಸಲ ಬೇಕಾದ್ರೂ ಹತ್ತಿ ಇಳಿ," ಎಂದು ದೇವಕಿಯಮ್ಮ ಫೋನ್ ಇಟ್ಟರು. ಅಂದಿನಿಂದ ಷರತ್ತುಗಳು ಉದುರತೊಡಗಿದವು. ಮೊಳೆ ಹೊಡೆಯಬಹುದಾಯಿತು, ಬಟ್ಟೆ ಎಲ್ಲಿ ಬೇಕಾದರೂ ಒಣಗಬಹುದಾಯಿತು, ನೆಂಟರು ಮಳೆಗಾಲ ಮುಗಿಸಿಯೇ ಹೋಗಬಹುದಾಯಿತು.

ಏಪ್ರಿಲಿನ ಒಂದು ಭಾನುವಾರ ಹೇಮಶ್ರೀ ಎಂಬ ಕಡಬದ ಹುಡುಗಿ ಬಂದಳು. ಪುತ್ತೂರಿನ ಲ್ಯಾಬೊಂದರಲ್ಲಿ ಕೆಲಸ. ಮನೆ ನೋಡಿ ಕೆಳಗಿಳಿದವಳು, ಕೊಟ್ಟ ಪುನರ್ಪುಳಿ ಶರಬತ್ತು ಕುಡಿದು, ತಾನೇ ಸಂದರ್ಶನ ಶುರುಮಾಡಿದಳು.

"ಆಂಟಿ, ಬೆಳಿಗ್ಗೆ ರೇಡಿಯೋ ಜೋರು ಇಡುದುಂಟಾ? ನನಗೆ ಕೆಲವು ಸಲ ನೈಟ್ ಡ್ಯೂಟಿ."

"ಇಲ್ಲವೇ ಇಲ್ಲ."

ಒಳಗೆ ರೇಡಿಯೋ ಹಾಡುತ್ತಲೇ ಇತ್ತು. ಕೃಷ್ಣಮೋಹನರು ಎದ್ದು ಹೋಗಿ ಆರಿಸಿ ಬಂದರು.

"ಹೇಳದೆ ಕೇಳದೆ ಮೇಲೆ ಬರುದು?"

"ಛೆ, ನಾನು ಎಂತಕ್ಕೆ ಬರುದು!"

ಕೃಷ್ಣಮೋಹನರಿಗೆ ಕೆಮ್ಮು ಬಂತು.

"ಹಾಗಾದ್ರೆ ಮೊದಲು ಇದ್ದವರ ನಂಬರ್ ಕೊಡಿ. ಓನರ್ ಹೇಗೆ ಅಂತ ಒಮ್ಮೆ ಕೇಳ್ತೇನೆ."

ದೇವಕಿಯಮ್ಮ ನಂಬರು ಇಲ್ಲ ಎನ್ನುವಷ್ಟರಲ್ಲಿ ಗಂಡ ಕೊಟ್ಟಾಗಿತ್ತು. ಹುಡುಗಿ ಸ್ಪೀಕರ್ ಹಾಕಿದಳು.

"ದೇವಕಿಯಕ್ಕನ ಮನೆಯಾ? ಅಕ್ಕ ಭಾರೀ ಜೋರು ಮಾರಾಯ್ರೆ," ಕುಮುದಿನಿಯ ದನಿ ಜಗಲಿಯಲ್ಲೆಲ್ಲ ಕೇಳಿತು. "ನನ್ನ ಅಮ್ಮ ಬಂದಾಗ ಚಪ್ಪಲಿ ಬಿಡುವ ಮೊದಲೇ ಯಾವಾಗ ಹೋಗುದು ಅಂತ ಕೇಳಿದ್ದಾರೆ."

ದೇವಕಿಯಮ್ಮ ಸೆರಗಿನ ತುದಿ ತಿರುಚಿದರು. ಆ ಹೊತ್ತಿಗೆ ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

"ಆದ್ರೆ ಆ ಬಾವಿ ಮೇ ತಿಂಗಳಲ್ಲೂ ಬತ್ತುದಿಲ್ಲ. ಇಲ್ಲಿ ಲಿಫ್ಟ್ ಉಂಟು, ನೀರಿಲ್ಲ. ಟ್ಯಾಂಕರ್ ಬಂದ ಕೂಡಲೇ ಬಕೆಟ್ ಹಿಡ್ಕೊಂಡು ಲಿಫ್ಟಲ್ಲಿ ಇಳಿಯುದು. ಅಲ್ಲ, ಆ ಮನೆ ಇನ್ನೂ ಖಾಲಿ ಉಂಟಾ? ಹಾಗಾದ್ರೆ ನಾನೇ ವಾಪಸ್ ಬರ್ತೇನೆ ಅಂತ ಹೇಳಿ ಅಕ್ಕನಿಗೆ!"

ದೇವಕಿಯಮ್ಮನ ಬೆನ್ನು ನೆಟ್ಟಗಾಯಿತು. ನಾಚಿಕೆ ಎಲ್ಲಿ ಹೋಯಿತೋ.

"ಇಬ್ಬರಿಗೆ ಬೇಕು ಅಂತಾದ್ರೆ ನಾನು ಯೋಚನೆ ಮಾಡ್ಬೇಕಾಗ್ತದೆ," ಎಂದರು ಹುಡುಗಿಯ ಕಡೆ ತಿರುಗಿ. "ಅಂದ ಹಾಗೆ, ನಿನ್ನ ಸೋದರಮಾವ ಎಲ್ಲಿಯವರು? ಗೋಡೆಗೆ ಮೊಳೆ..."

ಕೃಷ್ಣಮೋಹನರು ಪೇಪರನ್ನು ಕೆಳಗೆ ಬಿಸಾಡಿ, ಬೀಗದ ಕೈ ತಂದು ಹೇಮಶ್ರೀಯ ಅಂಗೈಯಲ್ಲಿಟ್ಟರು.

"ಗೋಡೆ ನಿನ್ನದೇ ಮಗಾ. ನಾಳೆಯೇ ಬಾ."

ಹುಡುಗಿ ನಗುತ್ತಾ ಹೋದಳು. ಕುಮುದಿನಿಗೆ ದೇವಕಿಯಮ್ಮ ತಾವೇ ಫೋನ್ ಮಾಡಿ, ಬೇಸರ ಮಾಡಬೇಡ, ನೀರಿಗೆ ಕೊಡಪಾನ ತಕ್ಕೊಂಡು ಬಾ ಎಂದು ಬಹಳ ಹೊತ್ತು ಸಮಾಧಾನ ಹೇಳಿದರು. ಸಂಜೆ ಗಂಡನಿಗೆ ಕಾಫಿ ಕೊಡುವಾಗ ಅವರ ಮುಖದಲ್ಲಿ ಹೊಸ ಕಳೆ ಇತ್ತು.

"ಇವರೇ, ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸಿದ್ರೆ ಹೇಗೆ? ನಮ್ಮ ಮನೆಗೆ ಡಿಮಾಂಡ್ ಉಂಟು."

ಕೃಷ್ಣಮೋಹನರಿಗೆ ಕಬಕದಲ್ಲಿ ತುರ್ತಾದ ಕೆಲಸವೊಂದು ನೆನಪಾಯಿತು. ಕಾಫಿ ಅರ್ಧಕ್ಕೇ ಬಿಟ್ಟು ಸ್ಕೂಟರ್ ಹತ್ತಿದರು.