ಅಲುಗದ ಪಾದರಸ

ರೇಡಿಯೇಟರಿನ ಮುಚ್ಚಳಕ್ಕೆ ಗೋಣಿ ಸುತ್ತಿ, ಮುಖವನ್ನು ಆಚೆಗೆ ಹೊರಳಿಸಿಕೊಂಡು ತಿರುವುತ್ತಿದ್ದಾನೆ ಡ್ರೈವರ್ ಅಲಿ ಕುಂಞಿ, ಅರ್ಧ ಸುತ್ತು, ನಿಂತ, ಮತ್ತೆ ಅರ್ಧ, ಬುಸ್ಸೆಂದು ಹಬೆ ಎದ್ದಿತು, ಹಾಸನದ ಬಸ್ಸಿನ ಮೂತಿಯೇ ಕಾಣುವುದಿಲ್ಲ ಈಗ, ದೂರ ನಿಲ್ಲಿ ಅಕ್ಕ, ಇದಕ್ಕೆ ಗಂಡಸು ಹೆಂಗಸು ಅಂತ ಉಂಟಾ, ಸುಟ್ಟರೆ ಸುಟ್ಟದ್ದೇ, ಎಂದು ನಗುತ್ತಾನೆ, ಘಾಟಿ ಹತ್ತುವ ಮೊದಲೇ ಗುಂಡ್ಯದಲ್ಲಿ ಬಾಯಿ ಬಿಟ್ಟಿತು ನೋಡಿ ಈ ಮುದುಕಿ ಬಸ್ಸು, ಉಳಿದವರೆಲ್ಲ ಚಾ ಕುಡಿಯಲು ಹೋದರು, ನಾನು ಹೋಗಲಿಲ್ಲ, ಚೀಲ ಹಿಡಿದು ಇಲ್ಲೇ ನಿಂತಿದ್ದೇನೆ ಕುದಿಯುವುದನ್ನು ನೋಡುತ್ತ — ನೂರು ಡಿಗ್ರಿ, ಪಾದರಸ ಅಲ್ಲಿ ನಿಂತಿತ್ತು, ಪುತ್ತೂರಿನ ಹೈಸ್ಕೂಲಿನ ಪ್ರಯೋಗಶಾಲೆ, ಗಾಜಿನ ಪಾತ್ರೆಯ ಕೆಳಗೆ ಸ್ಪಿರಿಟ್ ದೀಪದ ನೀಲಿ ಬೆಂಕಿ, ನಾನು ಕಣ್ಣು ಕೀಲಿಸಿ ಓದುತ್ತಿದ್ದೆ, ಎಂಬತ್ತು, ತೊಂಬತ್ತು, ನೂರು, ಆಮೇಲೆ ಇಲ್ಲ, ಏರುವುದೇ ಇಲ್ಲ, ಸಾರ್, ನನ್ನ ಥರ್ಮಾಮೀಟರ್ ಹಾಳಾಗಿದೆ, ಹುಡುಗರೆಲ್ಲ ನಕ್ಕರು, ಕೃಷ್ಣಮೋಹನ ಮಾಸ್ಟ್ರು ನಗಲಿಲ್ಲ, ಹಾಳಾಗ್ಲಿಲ್ಲ ಶೀಲಾವತಿ, ಬೆಂಕಿ ಉರೀತಾ ಉಂಟಲ್ಲ, ಆ ಶಾಖ ಎಲ್ಲಿಗೆ ಹೋಗುದು ಹೇಳು, ತಾವೇ ಬೋರ್ಡಿನ ಮೇಲೆ ಬರೆದರು, ಗುಪ್ತೋಷ್ಣ, ಮಾಪಕಕ್ಕೆ ಕಾಣದ ಶಾಖ, ನೀರು ಅದನ್ನು ಒಳಗೇ ಇಟ್ಟುಕೊಳ್ಳುತ್ತದೆ, ಹಬೆಯಾಗುವುದು ಅದರಿಂದಲೇ, ನೋಡುವವರಿಗೆ ಮಾತ್ರ ಏನೂ ಆಗುತ್ತಿಲ್ಲ.

ನೋಡುವ. ಅಣ್ಣನ ಮಾತು ಅದು, ಇಲ್ಲ ಎಂದು ಅವನು ಒಮ್ಮೆಯೂ ಹೇಳಿದ್ದಿಲ್ಲ, ಹಾಸನದಲ್ಲಿ ಟೀಚರ್ ಟ್ರೈನಿಂಗ್ ಉಂಟಂತೆ, ಹೋಗ್ತೇನೆ ಅಣ್ಣ, ಎಂದಾಗ ಅಂಗಳದಲ್ಲಿ ಅಕ್ಕಿಮುಡಿ ಕಟ್ಟುತ್ತಿದ್ದ, ಹುಲ್ಲಿನ ಹಗ್ಗ ಹಲ್ಲಿನಲ್ಲಿ ಕಚ್ಚಿಕೊಂಡೇ, ನೋಡುವ, ಮರುವರ್ಷ ಅತ್ತಿಗೆಯ ಬಾಣಂತನ, ನೋಡುವ, ಅದರ ಮರುವರ್ಷ ಮನೆಯ ಮಾಡಿಗೆ ಹಂಚು ಹಾಕಿಸುವುದಿತ್ತು, ನೋಡುವ, ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ, ನಮ್ಮ ಊರು ಐವರ್ನಾಡಿನಲ್ಲೆಲ್ಲ ಹೊಗಳಿಕೆ, ಜತ್ತಪ್ಪನ ತಂಗಿ ಅಂದ್ರೆ ತಣ್ಣೀರು ಮಾರಾಯ್ರೆ, ಎದುರಾಡಿದವಳೇ ಅಲ್ಲ — ತಣ್ಣೀರು! — ಈ ವರ್ಷ ನೋಡುವ ಎಂದೂ ಹೇಳಲಿಲ್ಲ, ಕಡಬದ ಅಚ್ಚುತನ ಮನೆಯವರಿಗೆ ಮಾತು ಕೊಟ್ಟು ಬಂದ, ಬರುವ ಗುರುವಾರ ವೀಳ್ಯಶಾಸ್ತ್ರ, ಎಲೆ ಅಡಿಕೆಯ ಹರಿವಾಣ ಈ ಕೈಯಿಂದ ಆ ಕೈಗೆ ಹೋಯಿತೆಂದರೆ ಮುಗಿಯಿತು, ಮದುವೆಗೆ ಮೊದಲೇ ಮದುವೆಯಾದ ಹಾಗೆ, ಅಚ್ಚುತ ಕೆಟ್ಟವನಲ್ಲ, ಅದೇ ಕಷ್ಟ, ದೂರುವುದಕ್ಕೆ ಅವನಲ್ಲಿ ಏನೂ ಇಲ್ಲ, ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀಲಾವತಿ ಅತ್ತಿಗೆ ನೀರು ಸೇದುತ್ತಿದ್ದಳು, ಹೋಗ್ತೇನೆ ಅತ್ತಿಗೆ, ಪೇಟೆಗೆ ಹೊರಟವಳ ಹಾಗೆ ಹೇಳಿದೆ, ಹೋಗಿ ಬರ್ತೇನೆ ಹೇಳ್ಬೇಕು ಮಾರಾಯ್ತಿ, ಬರಿ ಹೋಗ್ತೇನೆ ಹೇಳುದು ಸಾಯುವವರು, ಎಂದು ನಕ್ಕಳು, ನಾನು ತಿದ್ದಿಕೊಳ್ಳಲಿಲ್ಲ, ಅವಳ ನಗು ನಿಂತಿತು, ಹಗ್ಗ ಕೈಯಲ್ಲಿ ಹಾಗೆಯೇ, ಚೀಲ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬಾಳೆಎಲೆಯಲ್ಲಿ ಕಟ್ಟಿದ ಅವಲಕ್ಕಿ ತಂದು ಚೀಲಕ್ಕೆ ತುರುಕಿದಳು, ಇನ್ನೂ ಬಿಚ್ಚಿಲ್ಲ, ಘಾಟಿ ದಾಟಿದ ಮೇಲೆ ತಿನ್ನಬೇಕು, ದಾಟಿದ ಮೇಲೆ —

ಮರದ ಲಾರಿಯೊಂದು ಬಸ್ಸಿನ ಹಿಂದೆ ನಿಂತಿತು, ಇಳಿಯುತ್ತಿರುವವನು ಅಣ್ಣ, ಮುಂಡಿನ ತುದಿ ಕೈಯಲ್ಲಿ, ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡಿದ್ದಾನೆ, ಉಪ್ಪಿನಂಗಡಿಯಲ್ಲಿ ನೀನು ಬಸ್ ಹತ್ತಿದ್ದನ್ನು ನೋಡಿದವರು ಹೇಳಿದ್ರು, ಬೈಯುತ್ತಾನೆ ಎಂದುಕೊಂಡೆ, ಬೈಯುವುದಿಲ್ಲ, ನಿನ್ನೆವರೆಗೆ ಸರಿ ಇದ್ದಿಯಲ್ಲ, ಇದ್ದಕ್ಕಿದ್ದ ಹಾಗೆ ಎಂತ ಆಯ್ತು ನಿನಗೆ, ಆ ಪುತ್ತೂರಿನ ಶಾಲೆಯೇ ನಿನ್ನನ್ನು ಹಾಳು ಮಾಡಿದ್ದು — ಹಾಳಾಗಲಿಲ್ಲ ಅಣ್ಣ, ಪಾದರಸ ಅಲ್ಲೇ ನಿಂತಿತ್ತು, ನೀನು ಗೆರೆಯನ್ನು ನೋಡಿದೆ, ಬಗ್ಗಿ ಬೆಂಕಿಯನ್ನು ನೋಡಲಿಲ್ಲ, ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ ನಾನು, ಅಲಿ ಕುಂಞಿ ಹಳ್ಳದ ನೀರನ್ನು ಡಬ್ಬದಿಂದ ಹನಿಸುತ್ತಿದ್ದಾನೆ, ಮೆಲ್ಲ ಹೊಯ್ಯಬೇಕು, ಇಂಜಿನ್ ತಿರುಗ್ತಾ ಇರ್ಬೇಕು, ಬಿಸಿಗೆ ತಣ್ಣೀರು ಒಮ್ಮೆಲೇ ಬಿದ್ದರೆ ಬಿರಿಯುದು, ಎಂದು ಕಂಡಕ್ಟರನಿಗೆ ಹೇಳುತ್ತಾನೆ, ಅಣ್ಣನೂ ಮಾತನ್ನು ಮೆಲ್ಲಗೇ ಹೊಯ್ಯುತ್ತಾನೆ, ಅಚ್ಚುತನ ಮನೆಗೆ ನಾನೇ ಹೋಗಿ ವೀಳ್ಯ ಬೇಡ ಅಂತ ಹೇಳ್ತೇನೆ, ಆಯ್ತಾ, ಮರ್ಯಾದೆ ಹೋದರೆ ನನ್ನದು ಹೋಗ್ಲಿ, ಈ ವರ್ಷ ಒಂದು ಮನೆಯಲ್ಲಿರು, ಬರುವ ವರ್ಷ ನಾನೇ ನಿನ್ನನ್ನು ಹಾಸನಕ್ಕೆ ಬಿಟ್ಟು ಬರ್ತೇನೆ, ಅಮ್ಮನಾಣೆ, ಅವನ ಆಣೆ ಸುಳ್ಳಲ್ಲ, ಮೂರು ವರ್ಷ ನಾನು ಕಾದದ್ದು ಈ ಮಾತಿಗೇ, ಇದನ್ನು ಅಕ್ಕಿಮುಡಿಯ ಹತ್ತಿರ ಹೇಳಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ, ಹಬೆ ಈಗ ಮರಗಳ ನೆತ್ತಿ ದಾಟಿದೆ, ಅಲಿ ಕುಂಞಿ ಮುಚ್ಚಳ ಬಿಗಿದು ಹಾರ್ನ್ ಹೊಡೆಯುತ್ತಾನೆ, ಹತ್ತಿ ಅಕ್ಕ, ಮುದುಕಿಗೆ ಜೀವ ಬಂತು, ಅಣ್ಣ ಲಾರಿಯ ಬಾಗಿಲು ತೆರೆದು ಹಿಡಿದಿದ್ದಾನೆ, ಇನ್ನೊಂದು ಕೈ ನನ್ನ ಚೀಲಕ್ಕೆ ಚಾಚಿದೆ, ಬಾ ಶೀಲಾ, ಆ ಕೈ ನನ್ನನ್ನು ಹೊತ್ತು ಹೊಳೆ ದಾಟಿಸಿದ ಕೈ, ಗಾಜಿನ ಕೊಳವೆ, ನೂರರ ಗೆರೆ, ಅಲುಗದ ಪಾದರಸ, ಕೆಳಗೆ ನೀಲಿ ಬೆಂಕಿ, ಅಲುಗದ ಪಾದರಸ, ನೀಲಿ ಬೆಂಕಿ, ಅಲುಗದ —

ಬರುದಿಲ್ಲ ಅಣ್ಣ.