ಹೊಗೆ ಬಿಡುತ್ತಿದ್ದೇನೆ

ಬಸ್ ನಿಲ್ದಾಣದ ಮೈಕಿನಲ್ಲಿ ಪ್ರಕಟಣೆ ಹೇಳುವವನ ಗಂಟಲು ಎಂಥದ್ದು ಎಂದರೆ, ಅವನು "ಮೂರನೇ ಪ್ಲಾಟ್‌ಫಾರ್ಮ್" ಎಂದು ಒಂದು ಸಲ ಅಂದರೆ ಸಾಕು, ಎಂಟನೆಯದರಲ್ಲಿ ಬೇರೆಲ್ಲಿಗೋ ಹೋಗಲು ನಿಂತವರೂ ಪೆಟ್ಟಿಗೆ ಎತ್ತಿಕೊಂಡು ಮೂರಕ್ಕೆ ಓಡುತ್ತಿದ್ದರು. ಚಾವಣಿಯ ಪಾರಿವಾಳಗಳೂ ಜಾಗ ಬದಲಾಯಿಸುತ್ತಿದ್ದವು. ಒಂದು ಮಧ್ಯಾಹ್ನ ಅವನ ಆಕಳಿಕೆ ಮೈಕಿಗೆ ಬಿದ್ದು, ನಿಲ್ದಾಣದಲ್ಲಿದ್ದ ನಾನೂರು ಜನ ಒಟ್ಟಿಗೆ ಆಕಳಿಸಿ, ಅಷ್ಟೂ ಜನಕ್ಕೆ ಬಸ್ಸು ತಪ್ಪಿಹೋಗಿತ್ತು. ಚಾಲಕರು ಅವನಿಗೆ ಮೈಕಾಸುರ ಎಂದು ಹೆಸರಿಟ್ಟಿದ್ದರು. ಹೆಂಡತಿ ಸಿಟ್ಟು ಬಂದಾಗ ಮಾತ್ರ ಹಾಗೆ ಕರೆಯುತ್ತಿದ್ದಳು. ಎಂದರೆ ವಾರಕ್ಕೆ ಐದಾರು ದಿನ.

ಅಂಥ ಗಂಟಲಿಗೆ ಒಂದು ಬೆಳಗ್ಗೆ ಮರಳು ಸುರಿದ ಹಾಗಾಯಿತು. "ಪ್ರಯಾಣಿಕರ" ಎಂಬಷ್ಟು ಹೊರಟಿತು, "ಗಮನಕ್ಕೆ" ಹೊರಡಲಿಲ್ಲ. ಬದಲಿಗೆ ತುಕ್ಕು ಹಿಡಿದ ಗೇಟು ತೆರೆದ ಸದ್ದು ಬಂತು. ಕೆಳಗಿದ್ದ ಜನ ಗೇಟು ಎಲ್ಲಿದೆ ಎಂದು ಹುಡುಕಿದರು.

ಗಂಟಲ ಡಾಕ್ಟರಮ್ಮ ಮೂಗಿನೊಳಗೆ ದೀಪವಿದ್ದ ಸಣ್ಣ ನಳಿಕೆ ಇಳಿಸಿ, ಅವನ ಧ್ವನಿಯನ್ನು ಪರದೆಯ ಮೇಲೆ ಅವನಿಗೇ ತೋರಿಸಿದರು. ಇಡೀ ನಿಲ್ದಾಣವನ್ನು ಅಲ್ಲಾಡಿಸುತ್ತಿದ್ದ ವಸ್ತು ಹೆಬ್ಬೆರಳ ಉಗುರಿಗಿಂತ ದೊಡ್ಡದಿರಲಿಲ್ಲ. ಊದಿಕೊಂಡು, ಕೆಂಪಾಗಿ, ಬೈಸಿಕೊಂಡ ಮಗುವಿನ ತುಟಿಯಂತಿತ್ತು.

"ದಿನಕ್ಕೆ ಎಷ್ಟು ಸಿಗರೇಟು?"

"ಒಂದು ಹತ್ತು."

"ಇಪ್ಪತ್ತಾರು," ಎಂದಳು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ.

"ಲೇ, ಅದು ಮುಷ್ಕರ ಇದ್ದ ವಾರ ಕಣೇ!"

"ಮುಷ್ಕರದ ವಾರ ಮೂವತ್ತೆಂಟು."

ಡಾಕ್ಟರಮ್ಮ ನಗಲಿಲ್ಲ. "ಎರಡು ತಿಂಗಳು ಕೊಡ್ತೀನಿ. ಪೂರ್ತಿ ನಿಲ್ಲಿಸಿದ್ರೆ ಊತ ಇಳೀಬಹುದು. ಇಳೀಲಿಲ್ಲ ಅಂದ್ರೆ ಕತ್ತರಿಸಿ ತೆಗೀಬೇಕು. ಆಮೇಲೂ ಧ್ವನಿ ಬರುತ್ತೆ. ಆದ್ರೆ ಈ ಧ್ವನಿನೇ ಬರುತ್ತೆ ಅಂತ ನಾನು ಬರೆದುಕೊಡಲ್ಲ."

ಮೆಟ್ಟಿಲಿಳಿಯುವಾಗ ಮೈಕಾಸುರ ತನ್ನಲ್ಲಿ ಇನ್ನೇನಿದೆ ಎಂದು ಲೆಕ್ಕ ಹಾಕಿದ. ಅವನಿಗೆ ಎತ್ತರವಿರಲಿಲ್ಲ, ತಲೆಯಲ್ಲಿ ಕೂದಲಿರಲಿಲ್ಲ. ಮುಖ ಎಷ್ಟು ಸಾಧಾರಣವೆಂದರೆ, ಹದಿನೈದು ವರ್ಷದಿಂದ ಪಕ್ಕದ ಮನೆಯಲ್ಲಿದ್ದವರು ಪ್ರತಿ ತಿಂಗಳೂ "ಹೊಸದಾಗಿ ಬಂದ್ರಾ?" ಎಂದು ಕೇಳುತ್ತಿದ್ದರು. ಬಾಯಿ ತೆರೆದ ಮೇಲಷ್ಟೇ ಅವನು ಅವನಾಗುತ್ತಿದ್ದ. ಆ ಗಂಟಲು ಹೋದರೆ ಉಳಿಯುವುದು ಒಂದು ಅಂಗಿ, ಒಂದು ಪ್ಯಾಂಟು.

ಹೆಂಡತಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಓಡುವ ಬಸ್ಸಿನಲ್ಲಿ ಕೂತು, ಎದುರು ಬೀದಿಯ ಅಂಗಡಿ ಬೋರ್ಡಿನಲ್ಲಿ ಬಿಟ್ಟುಹೋದ ಒತ್ತಕ್ಷರವನ್ನು ಹಿಡಿಯಬಲ್ಲವಳು. ಆ ವಾರ ಅವಳ ಮೇಜಿಗೆ ಬಂದಿದ್ದು ಸ್ವಯಂ ಸಮ್ಮೋಹನದಿಂದ ಧೂಮಪಾನ ಬಿಡುವ ಪುಸ್ತಕ. ತಿದ್ದಿ ಮುಗಿಸಿದ ಹಾಳೆಗಳನ್ನು ಮನೆಗೆ ತಂದು ಅವನ ಮುಂದೆ ಹಾಕಿದಳು.

"ಪುಸ್ತಕದ ತುಂಬಾ 'ದೂಮಪಾನ' ಅಂತಿತ್ತು. ಮಹಾಪ್ರಾಣ ನಾನು ಹಾಕಿದೀನಿ. ಇನ್ನು ಪ್ರಾಣ ಉಳಿದಿದೆ. ಅದನ್ನ ನೀವು ನೋಡ್ಕೊಳ್ಳಿ."

ವಿಧಾನ ಸುಲಭವಾಗಿತ್ತು. ಕಣ್ಣು ಮುಚ್ಚಿ ಮಲಗಬೇಕು, ಹತ್ತರಿಂದ ಒಂದರವರೆಗೆ ಇಳಿಯುತ್ತ ಎಣಿಸಬೇಕು, ಮೈ ಭಾರವಾದಾಗ ಒಂದು ವಾಕ್ಯವನ್ನು ಕಿವಿಗೆ ಹಾಕಬೇಕು. ವಾಕ್ಯ ತನ್ನದೇ ಧ್ವನಿಯಲ್ಲಿ ರೆಕಾರ್ಡ್ ಆಗಿರಬೇಕು, ಈಗಲೇ ನಡೆಯುತ್ತಿರುವಂತೆ ಹೇಳಿರಬೇಕು. ಅದರಲ್ಲಿ 'ಬೇಡ', 'ಇಲ್ಲ' ಬರಕೂಡದು. ಒಳಮನಸ್ಸಿಗೆ ಆ ಎರಡು ಪದ ಕೇಳಿಸುವುದಿಲ್ಲವಂತೆ.

ಮೈಕಾಸುರ ತೊಡೆ ತಟ್ಟಿ ನಕ್ಕ. "ನನ್ನ ಮಾತಿಗೆ ಊರೇ ಎದ್ದು ನಿಲ್ಲುತ್ತೆ. ಈ ಮೈ ಯಾವ ಲೆಕ್ಕ?"

"ವಾಕ್ಯ ಬರೆದ ಮೇಲೆ ನನಗೆ ತೋರಿಸಿ."

"ಒಂದು ವಾಕ್ಯಕ್ಕೆಲ್ಲ ಕರಡು ತಿದ್ದಿಸೋಕೆ ನಾನೇನು ಹೊಸಬನೇನೇ?"

ಮರುದಿನ ಮಧ್ಯಾಹ್ನ ಪಾಳಿ ಮುಗಿಸಿ ಬಂದವನೇ ಕಿಟಕಿ ಮುಚ್ಚಿ, ಫೋನನ್ನು ದಿಂಬಿಗೆ ಒರಗಿಸಿ, ಉಳಿದಷ್ಟು ಗಂಟಲನ್ನು ಒಟ್ಟುಗೂಡಿಸಿ ಹೇಳಿದ: "ಗಮನಿಸಿ, ಗಮನಿಸಿ. ಹತ್ತು. ಒಂಬತ್ತು. ನನ್ನ ಕೈಕಾಲು ಭಾರವಾಗುತ್ತಿವೆ. ನಾನು ಹೊಗೆ ಬಿಡುತ್ತಿದ್ದೇನೆ. ಸಲೀಸಾಗಿ, ಸಂತೋಷದಿಂದ ಹೊಗೆ ಬಿಡುತ್ತಿದ್ದೇನೆ. ದಿನದಿಂದ ದಿನಕ್ಕೆ ಇನ್ನೂ ಚೆನ್ನಾಗಿ ಹೊಗೆ ಬಿಡುತ್ತಿದ್ದೇನೆ."

ದಿನಕ್ಕೆ ಎರಡು ಸಲ ಅದನ್ನೇ ಹಾಕಿಕೊಂಡು ಮಲಗಿದ. ಅವನ ಧ್ವನಿಯ ಶಕ್ತಿಯನ್ನು ಅನುಮಾನಿಸುವಂತಿರಲಿಲ್ಲ. ಮೊದಲ ದಿನ ಮೂವತ್ತು ಸಿಗರೇಟು. ನಾಲ್ಕನೇ ದಿನ ನಲವತ್ತು. ವಾರ ತುಂಬುವಷ್ಟರಲ್ಲಿ ಅವನ ಬಾಲ್ಕನಿಯ ಮೇಲೆ ಒಂದು ಕಾಯಂ ಮೋಡ ನಿಂತು, ಮೇಲಿನ ಮನೆಯವರು ಮಳೆ ಬಂದೀತೆಂದು ಒಣಹಾಕಿದ ಬಟ್ಟೆ ತೆಗೆಯತೊಡಗಿದರು. ಸೇದುವುದರಲ್ಲೂ ಒಂದು ಹೊಸ ಹುರುಪು. ಉಂಗುರ ಬಿಡಲು ಬಾರದಿದ್ದವನು ಉಂಗುರದೊಳಗೆ ಉಂಗುರ ಬಿಡುತ್ತಿದ್ದ.

ಎಂಟನೇ ದಿನ ಹೆಂಡತಿ ಬೇಗ ಬಂದಳು. ಬಾಗಿಲಲ್ಲಿ ನಿಂತು ಫೋನಿನ ಮಾತು ಕೇಳಿಸಿಕೊಂಡಳು. ಚೀಲ ಕೆಳಗಿಟ್ಟಳು. ಆಮೇಲೆ ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ರೀ, ಹೊಗೆ ಬಿಡ್ತಿದೀನಿ ಅಂತ ನೀವೇ ಅಪ್ಪಣೆ ಕೊಟ್ಟಿದೀರ. ಮೈ ಪಾಪ ಬಿಡ್ತಿದೆ!"

"ಬಿಡೋದು ಅಂದ್ರೆ ಬಿಡೋದೇ ಅಲ್ವೇನೇ?"

"ಬಸ್ಸು ಏಳಕ್ಕೆ ಬಿಡುತ್ತೆ ಅಂತ ದಿನಾ ಹೇಳ್ತೀರಲ್ಲ, ಬಸ್ಸು ಚಟ ಬಿಡುತ್ತಾ? ಉಸಿರು ಬಿಡ್ತೀರ, ಬುರುಡೆ ಬಿಡ್ತೀರ, ಹೊಗೆ ಬಿಡ್ತೀರ. ಇಷ್ಟೆಲ್ಲ ಬಿಡೋ ಮನುಷ್ಯ ಸಿಗರೇಟು ಒಂದನ್ನ ಹೇಗೆ ಬಿಡ್ತೀರ?"

ಅವನ ಮುಖ ಸೋತುಹೋಯಿತು. ಇಡೀ ಭಾಷೆಯೇ ಸಿಗರೇಟಿನವರ ಕಡೆ ಸೇರಿಕೊಂಡಂತೆ ಅನ್ನಿಸಿತು.

ಅಂದಿನಿಂದ ಸಂಜೆ ಹೊತ್ತು ಇಬ್ಬರೂ ಊಟದ ಮೇಜಿಗೆ ಎದುರುಬದುರು ಕೂತರು. ಅವನು ವಾಕ್ಯ ಹೇಳುವುದು, ಅವಳು ಕೆಂಪು ಪೆನ್ಸಿಲಿನಲ್ಲಿ ತಿದ್ದುವುದು. "ನಿಲ್ಲಿಸುತ್ತಿದ್ದೇನೆ" ಎಂದು ರೆಕಾರ್ಡ್ ಮಾಡಿದರು. ಅವನು ಅಲ್ಲಲ್ಲಿ ನಿಂತು ನಿಂತು ಸೇದಿದ. "ತ್ಯಜಿಸುತ್ತಿದ್ದೇನೆ" ಎಂದರೆ, ಆ ಧ್ವನಿಯಲ್ಲಿ ಅದು ರಾಜನೊಬ್ಬ ಸಿಂಹಾಸನ ಬಿಟ್ಟು ಕಾಡಿಗೆ ಹೊರಟ ಹಾಗೆ ಕೇಳಿಸಿ, ದುಃಖ ಉಕ್ಕಿ, ಸಮಾಧಾನಕ್ಕೆ ಎರಡು ಹೆಚ್ಚಾಯಿತು. ವಾಕ್ಯ ಬೇಡ, ಬರೀ ಉಸಿರಾಟ ಸಾಕು ಎಂದು "ಒಳಗೆ ಎಳೆದುಕೋ, ಸ್ವಲ್ಪ ತಡಿ, ನಿಧಾನ ಬಿಡು" ಎಂದು ಹಾಕಿಕೊಂಡ ದಿನವಂತೂ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇಪ್ಪತ್ತೆಂಟು ವರ್ಷದಿಂದ ಅವನು ಮಾಡಿಕೊಂಡು ಬಂದಿದ್ದೇ ಅದು.

ಹೀಗೆ ಒಂದು ತಿಂಗಳು ಸಾಗಿತು. ಗಂಟಲು ಇನ್ನಷ್ಟು ಒಡೆಯಿತು. ದೂರದ ಊರುಗಳ ಹೆಸರು ಹೇಳುವಾಗ ನಡುವೆ ಧ್ವನಿ ಕಡಿದುಹೋಗಿ, ಜನ ಅರ್ಧ ಊರಿಗೇ ಟಿಕೆಟು ತೆಗೆಯುವಂತಾಯಿತು. ಒಂದು ಸಂಜೆ ಅವನು ವಾಕ್ಯ ಹೇಳಲಿಲ್ಲ. ಮೇಜಿನ ಮೇಲೆ ಕೈಯಿಟ್ಟು ಕೂತ.

"ನನ್ನ ಕೈಲಿ ಆಗಲ್ಲ ಕಣೇ."

ಹೆಂಡತಿ ಕನ್ನಡಕ ತೆಗೆದಳು. "ಒಂದು ಮಾತು ಕೇಳ್ತೀನಿ. ಕೆಲಸದಲ್ಲಿ ಎಲ್ಲಿ ಸೇದ್ತೀರ?"

"ರೂಮಿನ ಹಿಂದೆ. ನೀರಿನ ಟ್ಯಾಂಕಿನ ಪಕ್ಕ ಮೆಟ್ಟಿಲಿದೆ."

"ಅಲ್ಲಿ ಏನು ಮಾಡ್ತೀರ?"

"ಸೇದ್ತೀನಿ, ಇನ್ನೇನು!"

"ಅದು ಗೊತ್ತು. ಸೇದ್ತಾ ಏನು ಮಾಡ್ತೀರ?"

ಅವನು ಜಂಬದ ಉತ್ತರವೊಂದನ್ನು ಹುಡುಕಿದ. ನೆನಪಿಗೆ ಬಂದದ್ದು ಆ ಮೆಟ್ಟಿಲೇ. ಎದುರಿಗೆ ಒಂದು ಬೋಳು ಗೋಡೆ, ಟ್ಯಾಂಕಿನಿಂದ ತೊಟ್ಟಿಕ್ಕುವ ನೀರು. ಅಲ್ಲಿ ಯಾವ ಬಸ್ಸೂ ಕಾಣುವುದಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ.

"ಏನೂ ಮಾಡಲ್ಲ," ಎಂದ. "ಸುಮ್ನೆ ಇರ್ತೀನಿ."

"ಎಷ್ಟು ಹೊತ್ತು?"

"ಒಂದು ನಾಲ್ಕು ನಿಮಿಷ."

"ನನ್ನ ಜೊತೆ ನಾಲ್ಕು ನಿಮಿಷ ಸುಮ್ನೆ ಕೂತಿದ್ದು ಯಾವತ್ತಾದ್ರೂ ಇದೆಯಾ? ಮನೆಗೆ ಬಂದ್ರೆ ನೀವು ಮಾತಾಡಲ್ಲ ರೀ, ಪ್ರಕಟಣೆ ಹೊರಡಿಸ್ತೀರ."

ಸಿಟ್ಟಿನಿಂದ ಅಂದದ್ದಲ್ಲ. ಬಿಟ್ಟುಹೋದ ಸೊನ್ನೆಯೊಂದನ್ನು ತೋರಿಸಿದ ಹಾಗೆ ಅಂದಳು. ಆಮೇಲೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಇದ್ದ ಅಷ್ಟೂ ವಾಕ್ಯಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಹಾಕಿ, ಅಂಚಿನಲ್ಲಿ ತೆಗೆದುಹಾಕುವ ಗುರುತು ಬರೆದಳು.

"ಇದನ್ನ ರೆಕಾರ್ಡ್ ಮಾಡಿ."

"ಇದರಲ್ಲಿ ಏನೂ ಇಲ್ವಲ್ಲೇ!"

"ಅದನ್ನೇ."

ರೆಕಾರ್ಡಿಂಗ್ ಶುರುಮಾಡಿದ ಫೋನು ನಾಲ್ಕು ನಿಮಿಷ ಮೇಜಿನ ನಡುವೆ ಕೂತಿತು. ಅವಳು ತನ್ನ ಕರಡು ಬಿಡಿಸಿಕೊಂಡಳು, ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡ. ಆ ನಾಲ್ಕು ನಿಮಿಷದಲ್ಲಿ ಒಂದು ಊರು ಕಟ್ಟಿ ಕೆಡವಬಹುದಿತ್ತು. ಎರಡನೇ ನಿಮಿಷಕ್ಕೆ ನೂರಾರು ಮಾತು ಅವನ ನಾಲಿಗೆಯ ತುದಿಗೆ ಬಂದು, ಒಂದನ್ನೊಂದು ತಳ್ಳಾಡಿ, ಬೆವರಾಗಿ ಇಳಿದವು.

ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಟ್ಯಾಂಕಿನ ಪಕ್ಕದ ಮೆಟ್ಟಿಲ ಮೇಲೆ ಕೂತು, ಒಂದು ಕೈಯಲ್ಲಿ ಹಚ್ಚದ ಸಿಗರೇಟು ಹಿಡಿದು, ಇನ್ನೊಂದು ಕೈಯಿಂದ ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡ. ಮೊದಲಿಗೆ ಏನೂ ಇರಲಿಲ್ಲ. ಆಮೇಲೆ ಫ್ಯಾನು ಕೇಳಿಸಿತು. ಪೆನ್ಸಿಲು ಕಾಗದದ ಮೇಲೆ ಹರಿದದ್ದು. ಹಾಳೆ ತಿರುವಿದ್ದು. ಅದರಡಿಯಲ್ಲಿ ಹಳೆಯ ಗರಗಸದಂತೆ ಎಳೆಯುವ ಅವನದೇ ಉಸಿರು. ಅದನ್ನು ಕೇಳಿ ಅವನಿಗೆ ನಾಚಿಕೆಯಾಯಿತು.

ಆಗ ಒಂದು ಕೆಮ್ಮು ಬಂತು. ಸಣ್ಣದು, ಅಂಗೈಯಲ್ಲಿ ಮುಚ್ಚಿ ನುಂಗಿದ್ದು.

ತನ್ನದೇ ಎಂದುಕೊಂಡ. ಹಿಂದಕ್ಕೆ ತಳ್ಳಿ ಮತ್ತೆ ಕೇಳಿದ. ಕೆಮ್ಮು ಬಂದಾಗಲೂ ಗರಗಸ ನಿಂತಿರಲಿಲ್ಲ. ಒಂದೇ ಎದೆ ಏಕಕಾಲಕ್ಕೆ ಎರಡು ಸದ್ದು ಮಾಡಲಾರದು. ಮುಂದೆ ಇನ್ನೊಂದು. ನಾಲ್ಕನೇ ನಿಮಿಷದಲ್ಲಿ ಮತ್ತೊಂದು, ಅದನ್ನು ಹಾಳೆ ತಿರುವುವ ಸದ್ದಿನೊಳಗೆ ಅವಳು ಬಚ್ಚಿಟ್ಟಿದ್ದಳು.

ಜೀವನದಲ್ಲಿ ಒಂದು ಸಿಗರೇಟೂ ಮುಟ್ಟದವಳು. ಮದುವೆಯಾದಾಗಿನಿಂದ, ಇಪ್ಪತ್ತನಾಲ್ಕು ವರ್ಷ, ಅದೇ ಮೇಜಿನ ಆ ಬದಿ ಕೂತವಳು. ಅವನು ಮಾತಾಡದಿದ್ದಾಗ ಟೀವಿ ಮಾತಾಡುತ್ತಿತ್ತು, ಟೀವಿ ಆರಿದಾಗ ಅವನ ಗೊರಕೆ ಶುರುವಾಗುತ್ತಿತ್ತು. ಆ ಮನೆಯಲ್ಲಿ ಒಂದು ಕೆಮ್ಮಿಗೆ ಜಾಗವೆಲ್ಲಿತ್ತು?

ಎಷ್ಟು ಸಲ ಕೇಳಿದನೋ, ಐದು ಬಸ್ಸು ಯಾರಿಗೂ ಹೇಳದೆ ಹೊರಟುಹೋದವು. ಚಾಲಕನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಏನಣ್ಣಾ, ಮೈಕಾಸುರ ಮೌನವ್ರತ ಹಿಡಿದ್ಯಾ? ಕೆಳಗೆ ಜನ ನನ್ನ ಜುಟ್ಟು ಹಿಡ್ಕೊಂಡಿದಾರೆ!"

"ಕೆಮ್ಮು ಕೇಳ್ತಿದ್ದೆ ಕಣೋ."

"ನಿಂದಾ?"

"ಅದೇ, ನಂದಲ್ಲ," ಎಂದ. ಕೈಯಲ್ಲಿದ್ದ ಸಿಗರೇಟು ಬೆವರಿಗೆ ನೆನೆದು ಬಾಗಿಹೋಗಿತ್ತು.

ಆ ದಿನವೇ ಬಿಟ್ಟುಬಿಟ್ಟ ಎಂದರೆ ಅವನ ಬಗ್ಗೆ ಬುರುಡೆ ಬಿಟ್ಟಂತಾದೀತು. ಮರುದಿನ ಎರಡು ಸೇದಿದ, ಅದರ ಮರುದಿನ ಐದು. ಆಮೇಲೆ ಒಂದು. ಆಮೇಲೆ ತಲೆ ನೂರು ಮಣದ ಗುಂಡಾಯಿತು, ನಿಂತ ಬಸ್ಸಿನ ಮೇಲೆ ರೇಗಿ ಅದರ ಚಕ್ರಕ್ಕೆ ಒದ್ದು ಮೂರು ದಿನ ಕುಂಟಿದ. ಪೆಪ್ಪರ್‌ಮಿಂಟು ಚೀಪಿ ಚೀಪಿ ನಾಲಿಗೆ ಮರಗಟ್ಟಿತು. ಆದರೆ ಆಸೆ ಹತ್ತಿದಾಗಲೆಲ್ಲ ಮೆಟ್ಟಿಲಿಗೆ ಹೋಗಿ ಆ ನಾಲ್ಕು ನಿಮಿಷ ಹಾಕಿಕೊಳ್ಳುತ್ತಿದ್ದ. ಕಣ್ಣು ಮುಚ್ಚಬೇಕೆಂಬ ನಿಯಮ ನೆನಪಿಸಿಕೊಳ್ಳಬೇಕಾಗಿ ಬರಲಿಲ್ಲ, ತಾನಾಗಿಯೇ ಮುಚ್ಚುತ್ತಿತ್ತು.

ಮನೆಯಲ್ಲೂ ಮಾತು ನಡುವೆ ನಿಲ್ಲಿಸಿ ಕಿವಿಗೊಡತೊಡಗಿದ. "ಕೆಮ್ಮಿದೆಯಾ?" ಎಂದರೆ, "ಪ್ರೆಸ್ಸಿನ ಧೂಳು ರೀ," ಎನ್ನುತ್ತಿದ್ದಳು. ಒಂದು ದಿನ ಬೂದಿಬಟ್ಟಲು ತೊಳೆದು ಬೋರಲು ಹಾಕಿದ್ದನ್ನು ನೋಡಿ ಕೇಳಿದಳು:

"ಕೊನೆಗೆ ಯಾವ ವಾಕ್ಯ ಕೆಲಸ ಮಾಡ್ತು?"

"ನೀನು ತೆಗೆದುಹಾಕಿದ್ದು," ಎಂದಷ್ಟೇ ಹೇಳಿದ.

ಎರಡು ತಿಂಗಳು ತುಂಬಿದ ದಿನ ಡಾಕ್ಟರಮ್ಮ ಮತ್ತೆ ನಳಿಕೆ ಇಳಿಸಿ ಬಹಳ ಹೊತ್ತು ನೋಡಿದರು. ಅವನ ಹೃದಯ ಹೊರಗಿನ ಸಾಲಿನಲ್ಲಿ ಕೂತವರಿಗೂ ಕೇಳಿಸುವಷ್ಟು ಜೋರಾಗಿ ಬಡಿಯಿತು.

"ಊತ ಮುಕ್ಕಾಲು ಪಾಲು ಇಳಿದಿದೆ. ಕತ್ತರಿಸೋದು ಬೇಡ. ಧ್ವನಿ ಉಳ್ಕೊಂಡಿದೆ, ಸ್ವಲ್ಪ ತಗ್ಗಬಹುದು ಅಷ್ಟೇ. ಒಳ್ಳೆ ಕೆಲಸ ಮಾಡಿದ್ರಿ."

ಹೊಗಳಿಕೆ ಬಿದ್ದರೆ ಮೂರು ದಿನ ಅದರ ಮೇಲೇ ಬದುಕುವ ಮನುಷ್ಯ. ಅವನು ಕುರ್ಚಿಯಿಂದ ಎದ್ದ. ಬಾಗಿಲ ಕಡೆ ಹೋಗದೆ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಇವಳದೂ ಒಂದು ಸಲ ನೋಡಿ ಡಾಕ್ಟ್ರೇ."

"ನಂಗೇನಾಗಿದೆ?" ಎಂದಳು ಹೆಂಡತಿ. "ಬನ್ರಿ, ಹೊರಗೆ ಜನ ಕಾಯ್ತಿದಾರೆ."

"ಕೂತ್ಕೋ."

ಡಾಕ್ಟರಮ್ಮ ಹೊಸ ಚೀಟಿ ಎಳೆದುಕೊಂಡರು. "ಸಿಗರೇಟು ಅಭ್ಯಾಸ ಇದೆಯೇನಮ್ಮ?"

"ಅಯ್ಯೋ, ಇಲ್ಲ!"

"ಇದೆ," ಎಂದ ಅವನು. "ಇಪ್ಪತ್ತನಾಲ್ಕು ವರ್ಷದಿಂದ. ನಾನು ಸೇದಿದ್ದೆಲ್ಲ ಇವಳೂ ಸೇದಿದಾಳೆ."

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಆ ಕೆಮ್ಮೇ ಬಂತು. ಈ ಸಲ ಅಂಗೈ ತಲುಪುವುದು ತಡವಾಯಿತು. ಡಾಕ್ಟರಮ್ಮನ ಪೆನ್ನು ನಿಂತಿತು. ಅವರು ಕುರ್ಚಿ ತೋರಿಸಿದರು.

ಅವಳು ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು ಕೂತಳು. ದೀಪ ಹತ್ತಿತು.

"'ಆ' ಅನ್ನಿ," ಎಂದರು ಡಾಕ್ಟರಮ್ಮ.

ಅವನು ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಒಂದು ಸದ್ದೂ ತಪ್ಪಿಹೋಗದಂತೆ ತಲೆ ಬಗ್ಗಿಸಿ ನಿಂತ.