ಗಾಳಿ ಎಳೆದ ಪೈಪು

ಮುತ್ತನ ಲಾರಿಯ ವಿಷಯದಲ್ಲಿ ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲವಲ್ಲ, ಅದಕ್ಕೆ.

ನಾನು ಗಣಪ. ಗಂಗೊಳ್ಳಿ ಬಂದರಿನಲ್ಲಿ ಇಪ್ಪತ್ತಾರು ವರ್ಷದಿಂದ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಗಣಪನ ಕೈ ಒಳ್ಳೆಯದು, ಬಾಯಿ ಹಾಳು ಎಂದು ಬಂದರಿನವರು ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮುತ್ತ ತ್ರಾಸಿಯವನು, ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಅವನಿಗೊಂದು ಹಳೆಯ ಮೀನಿನ ಲಾರಿ ಇತ್ತು. ಮೀನು, ಮಂಜುಗಡ್ಡೆ ತುಂಬಿಸಿಕೊಂಡು ಕೊಲ್ಲೂರು ದಾಟಿ, ನಾಗೋಡಿ ಘಾಟಿ ಹತ್ತಿ, ಮೇಲಿನ ಊರುಗಳಿಗೆ ಕೊಟ್ಟು ಬರುತ್ತಿದ್ದ. ಸ್ಟಿಯರಿಂಗ್ ಹಿಡಿದು ಕೂತರೆ ಮಾತ್ರ ಅವನು ಮನುಷ್ಯ. ಹೆಂಡತಿ ಜಲಜ ಆ ಲಾರಿಯನ್ನು ಸವತಿ ಎಂದು ಕರೆದು ನಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡ ಸೇರಿದ್ದಾಗ, ಲಾರಿಯ ಇಂಜಿನ್ ಬ್ಲಾಕೇ ಸೀಳಿಹೋಯಿತು. ಮುತ್ತ ಗುಜರಿಯಿಂದ ಬೇರೆ ಇಂಜಿನ್ ತಂದ, ಸ್ವಲ್ಪ ಈಚಿನ ಲಾರಿಯದು. ಯಡ್ತರೆಯ ರಾಜೀವ ಎಂಬ ಲಾರಿ ಮೆಕ್ಯಾನಿಕ್‌ನಲ್ಲಿಗೆ ಒಯ್ಯುವ ಯೋಚನೆ ಅವನದು. ನಾನಿರುವಾಗ ಅಲ್ಲಿಗೆ ಎಂತಕ್ಕೆ ಎಂದು ನಾನೇ ತಡೆದೆ.

ಇಂಜಿನ್ ಕೂರಿಸುವುದು ಕಷ್ಟವಾಗಲಿಲ್ಲ. ಪೀಕಲಾಟವೆಲ್ಲ ಡೀಸೆಲ್ ಪೈಪುಗಳದ್ದು. ಈ ಇಂಜಿನ್ನಿನ ಪಂಪು ಹೆಚ್ಚು ಡೀಸೆಲ್ ಎಳೆಯುತ್ತದೆ, ಮಿಕ್ಕದ್ದನ್ನು ಟ್ಯಾಂಕಿಗೆ ವಾಪಸು ಕಳಿಸುತ್ತದೆ. ಹಳೆಯ ಟ್ಯಾಂಕಿನಲ್ಲಿ ವಾಪಸಿನ ತೂತು ತೀರ ಸಣ್ಣದು. ಟ್ಯಾಂಕ್ ಇಳಿಸಿ, ತೊಳೆದು, ಹೊಸ ತೂತು ಕೊರೆದು ದಪ್ಪ ಪೈಪು ಹಾಕಿದೆ. ಆ ಕೆಲಸಕ್ಕೆ ಈಗಲೂ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಎಳೆಯುವ ಕಡೆಯ ಪೈಪು ಒಂದು ಮೊಳ ಗಿಡ್ಡವಾಯಿತು. ನಡುವೆ ರಬ್ಬರ್ ಪೈಪಿನ ತುಂಡು ಸೇರಿಸಿ ಎರಡೂ ತುದಿಗೆ ಕ್ಲಿಪ್ ಬಿಗಿದೆ. ನಡುವೆ ಜೋಡಣೆ ಬೇಡ, ಒಂದೇ ಪೈಪು ಹಾಕಿದರೆ ಒಳ್ಳೆಯದು ಎಂದು ರಾಜೀವ ಹೇಳಿದ್ದ ಅಂತ ಮುತ್ತ ಮೆಲ್ಲಗೆ ಮಾತು ತೆಗೆದ. ನನಗೆ ಉರಿದುಹೋಯಿತು.

"ಹಾಂಗಾರೆ ಅವ್ನ್ ಹತ್ರವೇ ಹೋಗ್ ಮಾರಾಯ. ನಂಗ್ ಪಾಠ ಹೇಳುದ್ ಬ್ಯಾಡ," ಎಂದೆ. ಮುತ್ತ ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟ.

ಇಂಜಿನ್ ಅರ್ಧ ಗಂಟೆ ಓಡಿಸಿ, ಆ ಜೋಡಣೆಗೆ ನ್ಯೂಸ್ ಪೇಪರ್ ಸುತ್ತಿ ನೋಡಿದೆ. ಒಣಗಿತ್ತು. ನಾನು ಕೈಹಾಕುವ ಬೋಟುಗಳಲ್ಲಿ ಡೀಸೆಲ್ ಟ್ಯಾಂಕ್ ಇಂಜಿನ್‌ಗಿಂತ ಮೇಲಿರುತ್ತದೆ. ಜೋಡಣೆ ಸಡಿಲವಿದ್ದರೆ ಡೀಸೆಲ್ ತೊಟ್ಟಿಕ್ಕಿ ಪೇಪರ್ ಒದ್ದೆಯಾಗುತ್ತದೆ, ಒಣಗಿದ್ದರೆ ಸರಿ. ಲಾರಿಯ ಟ್ಯಾಂಕ್ ಕೆಳಗಿರುತ್ತದೆ, ಪಂಪು ಮೇಲಕ್ಕೆ ಎಳೆಯಬೇಕು. ಅಲ್ಲಿ ಸಡಿಲವಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗಿ ಕ್ರಮೇಣ ಇಂಜಿನ್ನನ್ನೇ ನಿಲ್ಲಿಸುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಅಭ್ಯಾಸಬಲ ನೋಡಿ, ಪೇಪರ್ ಒಣಗಿದ್ದು ಕಂಡು ಕೈ ಒರೆಸಿಕೊಂಡು ಎದ್ದೆ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿದವು. ಎರಡನೆಯ ವಾರ ಮುತ್ತ ಲೋಡ್ ಮಾಡಿ ಹೊರಡುವಾಗ ಲಾರಿ ಬೇಗ ಸ್ಟಾರ್ಟ್ ಆಗಲಿಲ್ಲವಂತೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪೈಪಿನೊಳಗಿನ ಗಾಳಿ ತೆಗೆದು, ಸ್ಕ್ರೂ ಬಿಗಿದು ಹೊರಟಿದ್ದಾನೆ. ಘಾಟಿಯ ನಡುವೆ ಇಂಜಿನ್ ನಿಂತಿತು. ಮತ್ತೆ ಸ್ಕ್ರೂ ಬಿಚ್ಚಿ ಗಾಳಿ ತೆಗೆಯುತ್ತ, ಸೆಲ್ಫ್ ಹೊಡೆಯುತ್ತ ಬ್ಯಾಟರಿಯೂ ಇಳಿಯಿತು. ಆಮೇಲೆ ನನಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ನಾನು ಯಾವುದೋ ಬೋಟಿನ ಇಂಜಿನ್ ಅಡಿಯಲ್ಲಿದ್ದೆ. ಬೆಳಿಗ್ಗೆ ನೀನು ಸ್ಕ್ರೂ ಬಿಗಿಯಲು ಮರೆತಿದ್ದಿ, ಅಲ್ಲಿಂದಲೇ ಗಾಳಿ ಹೊಕ್ಕಿದೆ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ರೇಗಿದೆ.

"ಬಿಗ್ದಿದ್ನಲೆ ಗಣಪ. ಬಿಗ್ದದ್ ಲಾಯ್ಕ್ ನೆಂಪಿತ್ತ್ ನಂಗೆ," ಎಂದ.

"ಎಂತ ನೆಂಪು? ನಿನ್ ಅಪ್ಪಯ್ಯನ ಹಾಂಗೆ ಆಯ್ತಾ ನಿಂಗೂ?"

ಮುತ್ತನ ಅಪ್ಪ ಕೊನೆಗಾಲದಲ್ಲಿ ಎಲ್ಲ ಮರೆತಿದ್ದರು. ಎಂದೋ ಮಾರಿದ ದೋಣಿಯನ್ನು ಹುಡುಕಿಕೊಂಡು ಕಡಲಿಗೆ ಹೋಗುತ್ತಿದ್ದರು, ಮಗನನ್ನೇ ಯಾರು ಎಂದು ಕೇಳುತ್ತಿದ್ದರು. ಏಳು ವರ್ಷ ಮುತ್ತ ಅವರಿಗೆ ಕೈಯಾರೆ ಗಂಜಿ ಉಣಿಸಿದ್ದ. ಅದನ್ನೆಲ್ಲ ಕಣ್ಣಾರೆ ಕಂಡವನು ನಾನು. ಆದರೂ ಈ ನಾಲಿಗೆ ಆಡಿತಲ್ಲ! ಮುತ್ತ ಮೆಲ್ಲಗೆ, ಹೌದೇನೋ, ಎಂದ.

ಮಂಜುಗಡ್ಡೆ ಕರಗಿ ಮೀನೆಲ್ಲ ಹಾಳಾಯಿತು. ಲಾರಿಯನ್ನು ಎಳೆಸಿಕೊಂಡು ನನ್ನ ಶೆಡ್ಡಿಗೆ ತಂದು ಬಿಟ್ಟ. ಮರುದಿನ ನಾನೊಬ್ಬನೇ ಕೂತು, ಎಳೆಯುವ ಕಡೆ ಒಂದು ಪಾರದರ್ಶಕ ಪೈಪು ಸಿಕ್ಕಿಸಿ ಇಂಜಿನ್ ಓಡಿಸಿದೆ. ಡೀಸೆಲ್ ಜೊತೆ ಗುಳ್ಳೆಗಳು ಸಾಲುಸಾಲಾಗಿ ಬಂದವು. ಸ್ಕ್ರೂ ಸರಿಯಾಗಿಯೇ ಇತ್ತು. ಗಾಳಿ ಬರುತ್ತಿದ್ದದ್ದು ನನ್ನ ರಬ್ಬರ್ ತುಂಡಿನ ಕ್ಲಿಪ್ಪಿನ ಅಡಿಯಿಂದ. ಒಂದು ಗಂಟೆಯಲ್ಲಿ ಜೋಡಣೆ ಇಲ್ಲದ ಒಂದೇ ಪೈಪು ಹಾಕಿ ಮುಗಿಸಿದೆ, ಥೇಟ್ ರಾಜೀವ ಹೇಳಿದ ಹಾಗೆ.

ಮಧ್ಯಾಹ್ನ ಮುತ್ತ ಬಂದ. ಸ್ಕ್ರೂವೇ ಕಾರಣವಾ ಎಂದು ಕೇಳಿದ. ನಾನು ಹೂಂ ಎಂದೆ. ಅಷ್ಟೇ. ಅಲ್ಲ ಎಂದಿದ್ದರೆ ಮಾತು ಯಡ್ತರೆಗೆ ಮುಟ್ಟುತ್ತದೆ, ರಾಜೀವ ನಗುತ್ತಾನೆ ಎಂಬ ಹೆದರಿಕೆ. ಥೂ, ಆ ಸುಡುಗಾಡು ಮರ್ಯಾದೆ!

ಆಮೇಲೆ ಲಾರಿ ಒಂದು ದಿನವೂ ಕೈಕೊಡಲಿಲ್ಲ. ಮುತ್ತನದೇ ಧೈರ್ಯ ಹೋಯಿತು. ಹೊರಡುವ ಮೊದಲು ಸ್ಕ್ರೂವನ್ನು ನಾಲ್ಕು ಸಲ ಮುಟ್ಟಿ ನೋಡುತ್ತಾನೆ, ಕೊಲ್ಲೂರಿನಲ್ಲಿ ಇಳಿದು ಮತ್ತೆ ನೋಡುತ್ತಾನೆ, ಹಿಂದಿನ ಬಾಗಿಲು ಹಾಕಿದೆನಾ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತಾನೆ ಎಂದು ಜಲಜ ಬಂದರಿನಲ್ಲಿ ಸಿಕ್ಕಾಗ ಹೇಳಿದಳು. ಕುಂದಾಪುರದ ಡಾಕ್ಟರು ಏನೂ ತೊಂದರೆಯಿಲ್ಲ ಎಂದರೂ ಅವನು ನಂಬಲಿಲ್ಲವಂತೆ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಸರಿಹೋಗುತ್ತಾನೆ ಬಿಡು ಎಂದು ನಾನು ಬೋಟು ಹತ್ತಿದೆ. ಆವತ್ತಾದರೂ ಬಾಯಿ ಬಿಡಬಹುದಿತ್ತು.

ದೀಪಾವಳಿ ಕಳೆದ ಮೇಲೆ ಅವನು ಲಾರಿಯನ್ನು ಬ್ರಹ್ಮಾವರ ಕಡೆಯವರೊಬ್ಬರಿಗೆ ಮಾರಿದ. ಮರೆವಿನವನ ಕೈಯಲ್ಲಿ ಘಾಟಿಯಲ್ಲಿ ಯಾರದಾದರೂ ಜೀವ ಹೋದರೆ ಎಂದು ಹೆದರಿದನಂತೆ. ಕೊಂಡವರು ಅದನ್ನು ಕಟ್ ಮಾಡಿ ಗುಜರಿಗೆ ಹಾಕಿದ ಸುದ್ದಿ ಕೇಳಿದ ದಿನ ನನಗೆ ಊಟ ಇಳಿಯಲಿಲ್ಲ. ಮರುದಿನ ಬೆಳಿಗ್ಗೆಯೇ ತ್ರಾಸಿಗೆ ಹೋದೆ.

ಮುತ್ತ ಜಗಲಿಯಲ್ಲಿ ಸುಮ್ಮನೆ ಕೂತಿದ್ದ. ನಾನು ಎಲ್ಲ ಹೇಳಿದೆ. ರಬ್ಬರ್ ತುಂಡು, ಪೇಪರ್, ಗುಳ್ಳೆ, ಹೂಂ ಎಂದ ಸುಳ್ಳು, ಒಂದೂ ಬಿಡಲಿಲ್ಲ. ನಿನಗೆ ಮರೆವಿಲ್ಲ, ನೀನು ಸ್ಕ್ರೂ ಬಿಗಿದದ್ದು ಖಂಡಿತ, ತಪ್ಪೆಲ್ಲ ನನ್ನದು ಎಂದೆ.

ಅವನು ಪೂರ್ತಿ ಕೇಳಿದ. ನಕ್ಕು, ನನ್ನ ಹೆಗಲ ಮೇಲೆ ಕೈಯಿಟ್ಟ.

"ಗಣಪ, ನೀ ತಪ್ಪಾಯ್ತ್ ಅಂದದ್ದ್ ನಾ ಹುಟ್ಟಿದ್ ಮೇಲೆ ಕೇಂಡದ್ದಿಲ್ಲೆ. ನನ್ ಸಮಾಧಾನಕ್ ಅಷ್ಟ್ ಹೇಳ್ದ್ಯಲೆ, ಸಾಕ್. ಸುಳ್ಳ್ ಹೇಳುದ್ ಬ್ಯಾಡ."

ದೇವರಾಣೆ, ಮಕ್ಕಳಾಣೆ ಎಂದೆಲ್ಲ ಹೇಳಿ ನೋಡಿದೆ. ಅವನು ಮಗುವನ್ನು ಸಂತೈಸುವವನ ಹಾಗೆ ಆಯ್ತು, ಆಯ್ತು ಎಂದ. ತೋರಿಸುವುದಕ್ಕೆ ಲಾರಿಯೂ ಇರಲಿಲ್ಲ.

ಜಲಜ ಎರಡು ಲೋಟ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನಂಬಿದ್ದಳು. ಒಂದು ಲೋಟವನ್ನು ಗಂಡನ ಮುಂದೆ ಇಟ್ಟು, ಇನ್ನೊಂದನ್ನು ಒಳಗೆ ವಾಪಸು ಒಯ್ದಳು.